ಬದಲಿಗೆ ಬಂದವನು ಹೊರಗಿನವನು

ಕಾನೂನು ಎಂದರೆ ನನಗೆ ಮೊದಲಿನಿಂದಲೂ ವ್ಯಾಖ್ಯೆಗಳ ಪುಟ. ‘ನೌಕರ’ ಎಂದರೆ ಯಾರು, ‘ಸ್ಥಳ’ ಎಂದರೆ ಎಲ್ಲಿಂದ ಎಲ್ಲಿಯವರೆಗೆ, ‘ಮಾಹಿತಿ’ ಎಂದರೆ ಏನು, ‘ಹೊರಗಿನವರು’ ಎಂದರೆ ಯಾರು, ಇಷ್ಟನ್ನು ಸರಿಯಾಗಿ ಕಟ್ಟಿಬಿಟ್ಟರೆ ಮುಂದಿನ ಪುಟಗಳು ತಾವೇ ನಿಂತುಕೊಳ್ಳುತ್ತವೆ ಎಂದು ನಂಬಿದವಳು ನಾನು. ಆ ಚಳಿಗಾಲ ನಮ್ಮ ಲೀಗಲ್ ವಿಭಾಗದ ಮುಖ್ಯಸ್ಥರು ನನ್ನ ಮೇಜಿನ ಬಳಿ ಬಂದು, ಹಸ್ತಾಂತರಕ್ಕೆ ಮೊದಲು ಗೋಪ್ಯತಾ ನಿಯಮಾವಳಿಯನ್ನು ಫೀಲ್ಡಿಗೂ ವಿಸ್ತರಿಸಬೇಕು, ಕರಡು ನೀನೇ ಮಾಡು ಎಂದಾಗ ನಾನು ಊಟದ ಡಬ್ಬಿಯ ಮುಚ್ಚಳ ಹಾಕಿ ಪೆನ್ನು ಕೈಗೆತ್ತಿಕೊಂಡೆ. ಅಷ್ಟು ಖುಷಿಯಾಗಿತ್ತು ನನಗೆ.

ಯಾವ ಹಸ್ತಾಂತರ ಎಂದು ಹೇಳಬೇಕಲ್ಲ. ಅಬುಧಾಬಿಯಿಂದ ಪಶ್ಚಿಮಕ್ಕೆ, ಮದೀನತ್ ಜಾಯೆದ್ ದಾಟಿ ಮರಳಿನೊಳಗೆ ಹೋದರೆ ನಮ್ಮ ಕಂಪನಿ ನಡೆಸುತ್ತಿದ್ದ ಎಣ್ಣೆಬಾವಿಗಳ ಒಂದು ಪ್ರದೇಶವಿತ್ತು. ಎಲ್ಲರೂ ಅದನ್ನು ಫೀಲ್ಡ್ ಎಂದಷ್ಟೇ ಕರೆಯುತ್ತಿದ್ದರು. ಎಣ್ಣೆ ಈ ನೆಲದ್ದು, ನಮ್ಮದಲ್ಲ. ತೆಗೆದುಕೊಡುವ ಕರಾರು ಮಾತ್ರ ನಮ್ಮದಾಗಿತ್ತು, ಅದರ ಅವಧಿ ಮುಗಿಯುತ್ತಿತ್ತು. ಗೊತ್ತುಪಡಿಸಿದ ದಿನ ಬಾವಿ, ಪೈಪು, ಕ್ಯಾಂಪಿನ ಮಂಚ, ಮೆಸ್ಸಿನ ತಟ್ಟೆ ಸಮೇತ ಎಲ್ಲವೂ ಹೊಸ ಕಂಪನಿಯ ಆಡಳಿತಕ್ಕೆ ಹೋಗಬೇಕು. ಅಲ್ಲಿಯವರೆಗೆ ಯಾವ ಬಾವಿಯಲ್ಲಿ ಎಷ್ಟು ಒತ್ತಡ, ಎಷ್ಟು ಇಳುವರಿ ಎಂಬ ವಿಷಯ ಹೊರಗೆ ಹೋಗಬಾರದು. ಹೋದರೆ ಪಾಲುದಾರರ ನಡುವೆ ಜಗಳ ಹತ್ತುತ್ತದೆ. ಹಮ್ದಾನ್ ಸ್ಟ್ರೀಟಿನ ನಮ್ಮ ಹೆಡ್ ಆಫೀಸಿಗೆ ಬಿಗಿಯಾದ ಗೋಪ್ಯತಾ ನಿಯಮ ಮೊದಲೇ ಇತ್ತು. ಫೀಲ್ಡಿಗೆ ಇರಲಿಲ್ಲ. ಅಲ್ಲಿದ್ದದ್ದು ಯಾವ ಕಾಲದ್ದೋ ಸೈಟ್ ನಿಯಮಗಳು, ಸಿಗರೇಟು ಎಲ್ಲಿ ಸೇದಬಾರದು, ಹೆಲ್ಮೆಟ್ ಯಾವಾಗ ತೆಗೆಯಬಾರದು, ಇಂಥವು.

ವಿಸ್ತರಣೆ ಎಂದರೆ ಅಲ್ಲಿಂದ ಎತ್ತಿ ಇಲ್ಲಿ ಅಂಟಿಸುವುದು ಎಂದುಕೊಂಡವರು ಬಹಳ ಜನ, ನಮ್ಮ ಮುಖ್ಯಸ್ಥರೂ ಸೇರಿದಂತೆ. ಅವರು ಸ್ಕಾಟ್ಲೆಂಡಿನವರು, ಒಳ್ಳೆಯ ಮನುಷ್ಯ, ಹಸ್ತಾಂತರದೊಂದಿಗೆ ನಿವೃತ್ತಿಯಾಗಿ ಊರಿಗೆ ಹೋಗಿ ನಾಯಿ ಸಾಕುವುದೆಂದು ನಿರ್ಧರಿಸಿದ್ದವರು. ಅಂಟಿಸಲು ಹೋದರೆ ಒಂದೂ ಅಂಟುತ್ತಿರಲಿಲ್ಲ. ಹೆಡ್ ಆಫೀಸಿನಲ್ಲಿ ಗುಟ್ಟು ಎಂದರೆ ಕಾಗದ. ಕಪಾಟಿಗೆ ಬೀಗ, ಕಂಪ್ಯೂಟರಿಗೆ ಪಾಸ್‌ವರ್ಡ್, ಮುಗಿಯಿತು. ಫೀಲ್ಡಿನಲ್ಲಿ ಮುಕ್ಕಾಲು ಪಾಲು ವಿಷಯ ಬಾಯಲ್ಲಿ ಓಡಾಡುತ್ತದೆ. ಯಂತ್ರದ ಸದ್ದಿನಲ್ಲಿ ಬಾಯಿಯೂ ಕೇಳಿಸದಾಗ ಕೈಸನ್ನೆ. ಹಾಗಾಗಿ ‘ಮಾಹಿತಿ’ಯ ವ್ಯಾಖ್ಯೆಗೆ ಬರೆದದ್ದಾಗಲಿ, ಬಾಯಲ್ಲಿ ಹೇಳಿದ್ದಾಗಲಿ, ಕೈಸನ್ನೆಯಿಂದ ತೋರಿಸಿದ್ದಾಗಲಿ ಎಂದು ಸೇರಿಸಿದೆ. ‘ಸ್ಥಳ’ಕ್ಕೆ ಕ್ಯಾಂಪನ್ನೂ ಕ್ಯಾಂಪಿಗೆ ಹೋಗುವ ಬಸ್ಸನ್ನೂ ಸೇರಿಸಿದೆ. ‘ಹೊರಗಿನವರು’ ಎಂದರೆ ನಮ್ಮ ಕಂಪನಿಯ ಕರಾರಿನಲ್ಲಿ ಇಲ್ಲದವರು. ಅದನ್ನು ಮುಟ್ಟುವ ಅಗತ್ಯ ಯಾರಿಗೂ ಕಾಣಲಿಲ್ಲ, ಏಕೆಂದರೆ ಆಗ ಫೀಲ್ಡಿನಲ್ಲಿದ್ದವರೆಲ್ಲ ನಮ್ಮ ಕರಾರಿನವರೇ.

ಕೈಸನ್ನೆಯ ಮಾತು ಓದಿ ನಮ್ಮ ಅರಬ್ಬಿ ಅನುವಾದಕರು, ಸುಡಾನಿನ ಹಿರಿಯರು, ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಈ ದೇಶದಲ್ಲಿ ಅರಬ್ಬಿ ಪ್ರತಿಯೇ ಅಂತಿಮ. ಇಂಗ್ಲಿಷಿನಲ್ಲಿ ನಾನು ಒಂದು ಪದ ಕದಲಿಸಿದರೆ ಅವರು ಅಲ್ಲೊಂದು ಸಾಲು ಕದಲಿಸಬೇಕು, ಆಮೇಲೆ ಎರಡಕ್ಕೂ ಸೀಲು, ಆಮೇಲೆ ಪಾಲುದಾರರ ಜಂಟಿ ಸಮಿತಿಯ ಒಪ್ಪಿಗೆ. ಮೂರು ಸಲ ಹೋಗಿ ಮೂರು ಸಲ ತಿರುಗಿ ಬಂತು. ಕೊನೆಗೂ ಪಾಸಾದ ದಿನ ಮುಖ್ಯಸ್ಥರು ನನಗೆ ಕರಕ್ ಚಹಾ ತರಿಸಿಕೊಟ್ಟರು. ಖಲಾಸ್ ಎಂದುಕೊಂಡೆ.

ನಿಯಮ ಜಾರಿಯಾಗುವ ಮೊದಲು ಅದನ್ನು ಫೀಲ್ಡಿನಲ್ಲಿ ಓದಿ ಹೇಳಿ, ಪ್ರತಿಯೊಬ್ಬರ ಸಹಿ ತೆಗೆದುಕೊಳ್ಳಬೇಕಿತ್ತು. ಅಲ್ಲಿ ಹೆಂಗಸರಿಗೆ ಉಳಿಯುವ ವ್ಯವಸ್ಥೆ ಇಲ್ಲ. ಬೆಳಗ್ಗೆ ಹೋಗಿ ಸಂಜೆಗೆ ಮರಳಬೇಕು. ಕೊಟ್ಟ ಮೈಮುಚ್ಚುವ ಕವರ್‌ಆಲ್ ಒಳಗೆ ನನ್ನಂಥವರು ಇಬ್ಬರು ಹಿಡಿಸುತ್ತಿದ್ದರು. ತೋಳು ಮಡಚಿಕೊಂಡು ಮೆಸ್ಸಿನಲ್ಲಿ ನಿಂತು ಇಂಗ್ಲಿಷಿನಲ್ಲಿ ಓದಿದೆ, ಹಿಂದಿಯಲ್ಲಿ ಹೇಳಿದೆ. ಕರಾವಳಿಯವರು ಬಹಳ ಮಂದಿ ಇದ್ದರು. ಉಡುಪಿ, ಕಾಪು, ಮೂಲ್ಕಿ, ಕಾಸರಗೋಡು. ಓದಿ ಮುಗಿಸಿದ ಮೇಲೆ ಏನಾದರೂ ಪ್ರಶ್ನೆ ಉಂಟಾ ಎಂದು ತುಳುವಿನಲ್ಲೂ ಕೇಳಿದೆ. ಎಲ್ಲರೂ ನಕ್ಕರು, ಯಾರೂ ಏನೂ ಕೇಳಲಿಲ್ಲ. ಸಾಲಾಗಿ ಬಂದು ಸಹಿ ಹಾಕಿ, ನನಗೆ ಬಂಗುಡೆ ಸಾರಿನ ಊಟ ಹಾಕಿಸಿ ಕಳಿಸಿದರು.

ಸಹಿ ಎಂದರೆ ನಮ್ಮ ಕಡೆಯವರಿಗೆ ಆಟವಲ್ಲ. ಹಾಕಿದರೆ ಹಾಕಿದ ಹಾಗೆಯೇ.

ಇನ್ನು ಫೀಲ್ಡಿನ ಒಂದು ಪದ್ಧತಿ ಹೇಳದೆ ಮುಂದಿನದು ತಿಳಿಯುವುದಿಲ್ಲ. ಅಲ್ಲಿ ಪ್ರತಿ ಕೆಲಸಕ್ಕೆ ಇಬ್ಬರು. ಒಬ್ಬ ಒಂದಷ್ಟು ವಾರ ದುಡಿದು ರಜೆಗೆ ಹೋದಾಗ ಇನ್ನೊಬ್ಬ ಬರುತ್ತಾನೆ. ಇವನನ್ನು ಅವನ ‘ಬ್ಯಾಕ್ ಟು ಬ್ಯಾಕ್’ ಎನ್ನುತ್ತಾರೆ. ಇಬ್ಬರದೂ ಒಂದೇ ಮಂಚ, ಒಂದೇ ಕಪಾಟು, ಕವರ್‌ಆಲ್ ನೇತುಹಾಕಲು ಒಂದೇ ಮೊಳೆ. ಆದರೆ ಇಬ್ಬರೂ ಒಟ್ಟಿಗೆ ಇರುವುದು ಬದಲಿಯ ದಿನ ಮಾತ್ರ, ಬಸ್ಸು ಬಂದು ತಿರುಗಿ ಹೊರಡುವ ನಡುವಿನ ಅಷ್ಟು ಹೊತ್ತು. ಆಗ ಹೋಗುವವನು ಬಂದವನನ್ನು ಕರೆದುಕೊಂಡು ಪೈಪ್ ಲೈನಿನುದ್ದಕ್ಕೂ ಒಂದು ಸುತ್ತು ನಡೆಯುತ್ತಾನೆ. ಇದು ಬಿಗಿ, ಇದು ಸೋರುತ್ತದೆ, ಇದರ ಹತ್ತಿರ ಮೂಗು ಹಾಕಬೇಡ ಎಂದು ಒಂದೊಂದನ್ನೇ ಮುಟ್ಟಿ ತೋರಿಸುತ್ತಾನೆ. ಅದು ಯಾವ ನಿಯಮದಲ್ಲೂ ಬರೆದದ್ದಲ್ಲ, ಮೊದಲಿನಿಂದ ನಡೆದುಬಂದದ್ದು.

ನಮ್ಮ ನಿಯಮ ಪಾಸಾಗಿ ಹೆಚ್ಚು ದಿನವಾಗಿರಲಿಲ್ಲ, ಎಚ್‌ಆರ್‌ನವರು ಜನರನ್ನು ಹೊಸ ಕಂಪನಿಯ ವೀಸಾಕ್ಕೆ ಹಾಕಲು ಶುರು ಮಾಡಿದರು. ಲೀಗಲ್‌ಗೆ ಒಂದು ಮಾತು ತಿಳಿಸಬೇಕಲ್ಲ, ಊಹೂಂ. ಎಲ್ಲರನ್ನೂ ಒಟ್ಟಿಗೆ ಮಾಡಲಾಗದೆ, ರಜೆಗೆ ಹೋದವರು ಹೊಸ ವೀಸಾದಲ್ಲಿ ಬರಲಿ, ಕೆಲಸದಲ್ಲಿರುವವರು ಹಸ್ತಾಂತರದ ಹೊತ್ತಿಗೆ ಎಂದು ಇಟ್ಟುಕೊಂಡರು. ಅಲ್ಲಿಗೆ ಫೀಲ್ಡಿನ ಪ್ರತಿ ಮಂಚದ ಮೇಲೆ ಒಬ್ಬ ನಮ್ಮವನು, ಒಬ್ಬ ಹೊರಗಿನವನು. ಸೆಕ್ಯೂರಿಟಿಯವರು ನಮ್ಮ ನಿಯಮ ತೆರೆದು ನೋಡಿದರು. ಬಾಯಿ, ಕೈಸನ್ನೆ, ಬಸ್ಸು ಎಲ್ಲವೂ ಅದರಲ್ಲಿದೆ. ಹಾಗಾದರೆ ಬರುವವರೂ ಹೋಗುವವರೂ ಮುಖಾಮುಖಿಯಾಗುವುದೇ ಬೇಡವೆಂದು ಬರುವವರಿಗೆ ಮುಂದಿನ ಗೇಟು, ಹೋಗುವವರಿಗೆ ಹಿಂದಿನ ಗೇಟು ಮಾಡಿದರು. ಲೈನಿನ ಸುತ್ತು ನಿಂತಿತು.

ಇದೊಂದೂ ನನಗೆ ಗೊತ್ತಿರಲಿಲ್ಲ. ಗೊತ್ತಾದದ್ದು ಒಂದು ಗುರುವಾರ ಸಂಜೆ, ನನ್ನ ಗಂಡನಿಂದ. ಅವರು ದುಬೈಯ ಅಲ್ ಮುರಕ್ಕಬಾತಿನ ಹೋಟೆಲೊಂದರ ಅಕೌಂಟ್ಸಿನಲ್ಲಿದ್ದರು, ವಾರದ ಕೊನೆಗೆ, ಶುಕ್ರವಾರ ಶನಿವಾರದ ರಜೆಗೆ ಮಾತ್ರ ಅಬುಧಾಬಿಗೆ ಬರುತ್ತಿದ್ದರು. ಅಂದು ನಗುತ್ತಲೇ ಬಾಗಿಲು ದಾಟಿದರು. ಊರಿನವರ ವಾಟ್ಸಾಪ್ ಗ್ರೂಪಿನಲ್ಲಿ ಯಾರೋ ಒಬ್ಬರು ತಮ್ಮ ಬ್ಯಾಕ್ ಟು ಬ್ಯಾಕಿಗೆ ಬೈಯುತ್ತಿದ್ದಾರೆ, ಉಪ್ಪಿನಕಾಯಿ ಬಾಟಲಿ ಸೋರಿ ಕಪಾಟು ಹಾಳಾಗಿದೆಯಂತೆ, ಕೇಳು, ನಿಮ್ಮ ಫೀಲ್ಡಿನವರೇ ಇರಬೇಕು ಎಂದು ಫೋನು ಮುಂದೆ ಹಿಡಿದರು.

ತುಳುವಿನ ಧ್ವನಿ ಸಂದೇಶ. ನಾನೂ ನಗುತ್ತಾ ಕೇಳಲು ಕೂತೆ. ಉಪ್ಪಿನಕಾಯಿಯ ಮಾತು ಮುಗಿಯಿತು. ಆಮೇಲೆ, ನಿನ್ನ ಹೊಸ ಕಂಪನಿಯ ನಂಬರು ನನ್ನ ಹತ್ತಿರ ಇಲ್ಲ ಮಾರಾಯ, ಇಷ್ಟು ಜನರಲ್ಲಿ ನಿನ್ನದು ಯಾವುದೆಂದು ಗೊತ್ತಾಗುವುದಿಲ್ಲ, ನಮ್ಮನ್ನು ಹಿಂದಿನ ಗೇಟಿನಿಂದ ಕಳಿಸುತ್ತಿದ್ದಾರೆ, ಅದಕ್ಕೆ ಇಲ್ಲೇ ಹೇಳುತ್ತೇನೆ ಎಂದರು. ಹೇಳಿದರು ನೋಡಿ, ಯಾವ ಬಾವಿಯ ಒತ್ತಡ ಎಷ್ಟು, ಯಾವುದು ಏರುತ್ತಿದೆ, ಯಾವುದು ಇಳಿಯುತ್ತಿದೆ, ನಂಬರು ಸಮೇತ. ನನ್ನ ನಗು ನಿಂತಿತು. ಕೊನೆಗೆ, ಪೈಪುಗಳು ಸೇರುವ ಕಡೆಯ ಹೆಡರ್ ಹತ್ತಿರ ವಿಷದ ಗ್ಯಾಸ್ ಹಿಡಿಯುವ ಡಿಟೆಕ್ಟರ್ ಕೆಟ್ಟಿದೆ, ರಿಪೇರಿಗೆ ಹೇಳಿದ್ದೇನೆ, ಯಾರೂ ಬಂದಿಲ್ಲ, ಮಾಸ್ಕ್ ಇಲ್ಲದೆ ಅಂಚಿ ಪೋವಡ, ಅಂದರೆ ಆ ಕಡೆ ಹೋಗಬೇಡ ಎಂದು ಮತ್ತೆ ಮತ್ತೆ ಹೇಳಿದರು. ಇನ್ನೊಂದು ವಿಷಯ ಉಂಟು, ಅದು ಸ್ವಲ್ಪ ಉದ್ದ, ನಂಬರು ಸಿಕ್ಕಿದ ಮೇಲೆ ಹೇಳುತ್ತೇನೆ ಎಂದಲ್ಲಿಗೆ ಸಂದೇಶ ಮುಗಿಯಿತು.

ಅಳಿಸಿಬಿಡಿ ಇದನ್ನು ಎಂದೆ ಗಂಡನಿಗೆ. ನಾನೊಬ್ಬ ಅಳಿಸಿದರೆ ಆಯಿತಾ, ಇದು ಅಜ್ಮಾನಿನವರೆಗೆ ಹೋಗಿ ನಾಲ್ಕು ಜನ ನಗುವ ಮುಖ ಹಾಕಿಯಾಗಿದೆ ಎಂದರು ಅವರು.

ಭಾನುವಾರ ಆಫೀಸು ತೆರೆದಾಗ ಸೆಕ್ಯೂರಿಟಿ ವಿಭಾಗದ ಮುಖ್ಯಸ್ಥರು ನನಗಾಗಿ ಕಾಯುತ್ತಿದ್ದರು. ಇಲ್ಲಿಯವರೇ, ಸೈನ್ಯದಿಂದ ನಿವೃತ್ತರಾದವರು. ಧ್ವನಿ ಏರಿಸಿದ್ದನ್ನು ನಾನು ಕೇಳಿಲ್ಲ. ಮೊದಲು ಖಹ್ವಾ, ಇಲ್ಲಿಯ ಕಾಫಿ, ಕೊಟ್ಟು, ಆಮೇಲೆ ಫೋನು ಮೇಜಿನ ಮೇಲಿಟ್ಟು, ಇದು ನಿಮ್ಮ ಊರಿನ ಭಾಷೆಯಂತೆ, ಇಂಗ್ಲಿಷಿಗೆ ಮಾಡಿಕೊಡಿ ಎಂದರು. ಮಾತಾಡಿದವರು ಯಾರೆಂದು ಅವರಿಗೆ ಆಗಲೇ ಗೊತ್ತಾಗಿತ್ತು. ಕಾಪು ಕಡೆಯ ಒಬ್ಬ ಶಿಫ್ಟ್ ಸೂಪರ್‌ವೈಸರ್. ಗೇಟ್ ಪಾಸ್ ಕಿತ್ತುಕೊಂಡಾಗಿದೆ, ಫೀಲ್ಡಿನ ಯಾರ ಜೊತೆಗೂ ಮಾತಾಡಬಾರದೆಂದು ಬರೆಸಿಕೊಂಡಾಗಿದೆ. ನನ್ನ ಅನುವಾದ ಕೈಗೆ ಬಂದರೆ ಸಮಿತಿ ಕೂತು ತೀರ್ಮಾನ ಕೊಡುತ್ತದೆ. ತೀರ್ಮಾನ ಎಂದರೆ ಏನೆಂದು ಅವರು ಬಿಡಿಸಿ ಹೇಳಬೇಕಾಗಿರಲಿಲ್ಲ. ಶಿಕ್ಷೆಯ ಕಲಮೂ ನಮ್ಮ ವಿಭಾಗದ್ದೇ. ಕೆಲಸದಿಂದ ತೆಗೆಯುವುದು, ವೀಸಾ ರದ್ದು, ಪೊಲೀಸಿಗೆ ಕೊಡುವುದು ಸಮಿತಿಯ ಇಚ್ಛೆ.

ನಮ್ಮ ಸ್ಕಾಟ್ಲೆಂಡಿನವರು ತಮ್ಮ ರೂಮಿಗೆ ಕರೆದು ಬಾಗಿಲು ಹಾಕಿದರು. ಪೂರ್ತಿ ಬೇಕಾಗಿಲ್ಲ, ನಂಬರುಗಳಿರುವ ಭಾಗ ಸಾಕು, ‘ಸಂಬಂಧಪಟ್ಟ ಭಾಗ’ ಎಂದು ಬರೆದು ಕೊಟ್ಟುಬಿಡು ಎಂದರು. ಕೆಟ್ಟತನದಿಂದ ಹೇಳಿದ್ದಲ್ಲ ಅದು. ಬೇಗ ಮುಗಿಯಲಿ ಎಂಬ ಆಸೆ. ಮನೆಗೆ ಹೋಗುತ್ತಾ ನನ್ನ ತಲೆಯಲ್ಲಿ ಓಡಿದ್ದು ಅದಕ್ಕೆ ತದ್ವಿರುದ್ಧ. ನಂಬರುಗಳನ್ನೇ ಬಿಟ್ಟು ಉಳಿದದ್ದನ್ನು ಕೊಟ್ಟರೆ ಹೇಗೆ? ಉಪ್ಪಿನಕಾಯಿ, ಮಾಸ್ಕು, ಡಿಟೆಕ್ಟರು. ಇಲ್ಲಿ ತುಳು ಬಲ್ಲವರು ಯಾರಿದ್ದಾರೆ ನನ್ನನ್ನು ಹಿಡಿಯಲು? ಆಮೇಲೆ ಅಜ್ಮಾನಿನವರೆಗೆ ಹೋದ ಸಂದೇಶ ನೆನಪಾಗಿ ನನ್ನ ಬುದ್ಧಿಗೆ ನಾನೇ ಉಗಿದುಕೊಂಡೆ. ತುಳು ಬಲ್ಲವರು ಹೊಸ ಕಂಪನಿಯ ತುಂಬ ಇದ್ದಾರೆ. ಸಿಕ್ಕಿಬಿದ್ದರೆ ನಾನು ಮಾತ್ರ ಅಲ್ಲ, ಆ ಮನುಷ್ಯನೂ ಸುಳ್ಳನಾಗುತ್ತಾನೆ.

ಅನುವಾದವನ್ನು ಮಾತಾಡಿದವರ ಮುಂದೆ ಓದಿ ದೃಢೀಕರಿಸಬೇಕೆಂಬ ಕ್ರಮವಿತ್ತು. ಫೀಲ್ಡಿನವರ ವಿಚಾರಣೆಯೆಲ್ಲ ನಡೆಯುವುದು ಮದೀನತ್ ಜಾಯೆದ್‌ನ ನಮ್ಮ ಸಣ್ಣ ಆಫೀಸಿನಲ್ಲಿ, ಅಲ್ಲಿಗೆ ಹೋದೆ. ಆ ಸೂಪರ್‌ವೈಸರ್ ಅಬುಧಾಬಿಯ ಅಂಚಿನ ಮುಸಫ್ಫಾದ ಮನೆಯಿಂದ ಯಾರದೋ ಪಿಕಪ್ ಹತ್ತಿ ಬಂದಿದ್ದರು. ಇಸ್ತ್ರಿ ಹಾಕಿದ ಬಿಳಿ ಅಂಗಿ, ಕಾಲರಿನ ಗುಂಡಿಯವರೆಗೂ ಹಾಕಿ. ನನ್ನ ಮನೆಮಾತು ಕೊಂಕಣಿ, ಅವರದು ತುಳು. ಶುರುಮಾಡಿದ್ದು ತುಳುವಿನಲ್ಲಿ, ಕಾನೂನಿನ ವಿಷಯ ಬಂದ ಕೂಡಲೇ ಇಬ್ಬರೂ ಕನ್ನಡಕ್ಕೆ ಬಂದೆವು, ಶಾಲೆಯ ಭಾಷೆಯಲ್ಲವೇ ಅದು.

ಓದಿದೆ. ನಂಬರುಗಳು ಬಂದಾಗ ಅವರು ತಲೆ ಆಡಿಸಿದರು, ಒಂದನ್ನು ತಿದ್ದಿದರು ಕೂಡ. ನನಗೆ ಸಿಟ್ಟು ಬಂತು. ಒಪ್ಪಿಕೊಳ್ಳುವ ಅವಸರ ಏನಿತ್ತು ಈ ಮನುಷ್ಯನಿಗೆ?

“ನೀವು ಸಹಿ ಹಾಕಿದ್ದು ನೆನಪುಂಟಲ್ಲ ನಿಮಗೆ?” ಎಂದೆ. ಸ್ವಲ್ಪ ಜೋರಾಗಿಯೇ ಬಂತು.

“ನೆನಪುಂಟು ಮೇಡಂ. ಅದಕ್ಕೇ ಎರಡು ಸರದಿ ನಾನು ಬಾಯಿ ಬಿಡ್ಲಿಲ್ಲ. ಹಿಂದಿನ ಗೇಟಿಂದ ಹೋದೆ, ಮುಂದಿನ ಗೇಟಿಂದ ಬಂದೆ. ಈ ಸಲ ಡಿಟೆಕ್ಟರ್ ಹಾಳಾಯ್ತು. ಎಂಥ ಮಾಡುದು? ನನ್ನ ಮಂಚದಲ್ಲಿ ಮಲಗುವವ ಅವ. ಸಾಯ್ಲಿ ಅಂತ ಬಿಡ್ಲಿಕ್ಕೆ ಆಗ್ತದಾ?”

ನಂಬರು ಯಾಕೆ ಹೇಳಿದಿರಿ, ಬರೀ ಡಿಟೆಕ್ಟರ್ ಕೆಟ್ಟಿದೆ ಎಂದರೆ ಸಾಕಿತ್ತಲ್ಲ ಎಂದು ಕೇಳಿದೆ. ಒತ್ತಡ ಎಲ್ಲಿ ಏರುತ್ತದೆ ಎಂದು ಗೊತ್ತಿದ್ದರೆ ಗ್ಯಾಸ್ ಎಲ್ಲಿಂದ ಬರಬಹುದು ಎಂದು ಗೊತ್ತಾಗುತ್ತದೆ, ಎರಡೂ ಒಂದೇ ವಿಷಯ, ಬೇರೆ ಮಾಡಿ ಹೇಳಲು ಬರುವುದಿಲ್ಲ ಎಂದರು. ನಾನು ಬರೆದುಕೊಂಡೆ.

ಆಮೇಲೆ ಆ ಉಳಿದ ವಿಷಯ ಏನೆಂದು ಕೇಳಿದೆ, ಸಂದೇಶದ ಕೊನೆಗೆ ಹೇಳುತ್ತೇನೆಂದು ಬಿಟ್ಟದ್ದು. ಅವರು ಮೇಜು ನೋಡುತ್ತಲೇ, ಒಂದು ಡ್ರೈನ್ ವಾಲ್ವಿನ ವಿಷಯ ಎಂದಷ್ಟೇ ಹೇಳಿದರು. ಫೀಲ್ಡ್ ಮ್ಯಾನೇಜರರಿಗೆ ಹೇಳಿಯಾಗಿದೆ. ಲೀಗಲ್ ಒಪ್ಪಿಗೆ ಬಾರದೆ ಹೊಸ ವೀಸಾದವರಿಗೆ ಒಂದಕ್ಷರ ಹೇಳುವಂತಿಲ್ಲ ಎಂದು ಮ್ಯಾನೇಜರರು ಆ ಜಾಗಕ್ಕೆ ಹಗ್ಗ ಕಟ್ಟಿಸಿದ್ದಾರೆ. ಏಕೆ ಕಟ್ಟಿದ್ದು ಎಂದು ಯಾರಿಗೂ ಹೇಳಿಲ್ಲ.

ಕಾರಣ ಹೇಳದ ಹಗ್ಗಕ್ಕೆ ಯಾರು ಮರ್ಯಾದೆ ಕೊಡುತ್ತಾರೆ? ಟ್ಯಾಂಕರಿನ ಕಡೆಗೆ ಅದೇ ಹತ್ತಿರದ ದಾರಿ ಎಂದು ಅವರೇ ಹೇಳಿದರು.

“ಜೀವಕ್ಕೆ ಅಪಾಯ ಉಂಟಾ ಅದರಿಂದ?”

“ಗಾಳಿ ಈಗಿನ ಹಾಗೆ ಬೀಸಿದ್ರೆ ಇಲ್ಲ. ಗಾಳಿ ತಿರುಗಿದ್ರೆ ಉಂಟು.”

“ಹಾಗಾದ್ರೆ ನನಗೆ ಹೇಳಿ ಮಾರಾಯ್ರೆ, ನಾನು ಹೇಳಿಸ್ತೇನೆ.”

ಅವರು ಮೊದಲ ಸಲ ತಲೆ ಎತ್ತಿ ನನ್ನನ್ನು ನೋಡಿದರು. “ನಿಮಗೆ ಹೇಳಿ ಎಂಥ ಪ್ರಯೋಜನ? ಅದು ಅವನಿಗೆ ಹೇಳ್ಬೇಕಾದ್ದು, ವಾಲ್ವ್ ಮುಟ್ಟುವ ಕೈ ಅವನದ್ದು. ಮತ್ತೆ ನೀವು ಆಪರೇಷನ್ಸ್ ಅಲ್ಲ. ಕೆಲಸಕ್ಕೆ ಬೇಕಾದವರಿಗೆ ಮಾತ್ರ ಹೇಳ್ಬೇಕು ಅಂತ ನೀವೇ ಮೆಸ್ಸಿನಲ್ಲಿ ಓದಿದ್ದಲ್ವಾ? ಒಂದು ಸಲ ಹೇಳಿದ್ದಕ್ಕೆ ಕೆಲಸ ಹೋಗ್ತಾ ಉಂಟು. ಮಗನಿಗೆ ಮಾರ್ಚ್‌ನಲ್ಲಿ ಹತ್ತನೇ ಕ್ಲಾಸ್ ಪರೀಕ್ಷೆ. ನನ್ನ ವೀಸಾ ಹೋದ್ರೆ ಅವನದ್ದೂ ಹೋಯ್ತು. ಪರೀಕ್ಷೆ ಬರೆಯುವ ಮೊದಲು ಸಾಮಾನು ಕಟ್ಬೇಕು.”

ಅವರು ಅಳಲಿಲ್ಲ, ಕೈ ಮುಗಿಯಲಿಲ್ಲ. ಹಾಗೆ ಮಾಡಿದ್ದರೆ ನನಗೆ ಸುಲಭವಾಗುತ್ತಿತ್ತು. ದೃಢೀಕರಣಕ್ಕೆ ಸಹಿ ಹಾಕಿ, ಪೆನ್ನಿನ ಮುಚ್ಚಳ ಹಾಕಿ ಕೊಟ್ಟು, ಬರ್ತೇನೆ ಎಂದು ಎದ್ದರು.

ಮರಳಿ ಬರುವ ದಾರಿಯಲ್ಲಿ ಡ್ರೈವರ್ ಏನೋ ಮಾತಾಡುತ್ತಿದ್ದ, ನನ್ನ ಕಿವಿಗೆ ಬೀಳಲಿಲ್ಲ. ನನಗೆ ಆ ಮನುಷ್ಯನ ಮೇಲೆ ಸಿಟ್ಟು, ಎಚ್‌ಆರ್ ಮೇಲೆ ಸಿಟ್ಟು, ಎರಡು ಗೇಟು ಮಾಡಿದವರ ಮೇಲೆ ಸಿಟ್ಟು. ಒಬ್ಬೊಬ್ಬರೂ ತಂತಮ್ಮ ಕೆಲಸ ನೆಟ್ಟಗೇ ಮಾಡಿದ್ದರು, ಅದೇ ಪೇಚು. ಮುಸಫ್ಫಾದ ಸಿಗ್ನಲಿನ ಹತ್ತಿರ ಬರುವಾಗ ಒಂದು ತೀರ್ಮಾನಕ್ಕೆ ಬಂದಿದ್ದೆ. ಸಂದೇಶವನ್ನು ಪೂರ್ತಿ ಅನುವಾದಿಸುವುದು, ಒಂದು ಉಸಿರನ್ನೂ ಬಿಡದೆ. ಉಪ್ಪಿನಕಾಯಿಯೂ ಇರಲಿ, ನಂಬರುಗಳೂ ಇರಲಿ. ಜೊತೆಗೆ ಇನ್ನೊಂದು ಪುಟ ಇಡುವುದು. ಈ ನಿಯಮವನ್ನು ಈಗಿರುವಂತೆ ಪಾಲಿಸಿದರೆ ಬದಲಿಗೆ ಬಂದವನಿಗೆ ಅಪಾಯವನ್ನೂ ಹೇಳುವಂತಿಲ್ಲ. ಹಾಗಾಗಿ ಜೀವಕ್ಕೆ ಅಪಾಯವಿರುವ ಮಾಹಿತಿಯನ್ನೂ, ಅದನ್ನು ತಿಳಿಯಲು ಬೇಕಾದ ಅಂಕಿಗಳನ್ನೂ, ಅದೇ ಕೆಲಸ ಮಾಡುವವನಿಗೆ ಹೇಳುವುದು ತಪ್ಪಲ್ಲ, ಅವನು ಯಾವ ಕಂಪನಿಯ ವೀಸಾದವನೇ ಆಗಿರಲಿ. ಈ ಕಲಮು ನಿಯಮ ಜಾರಿಯಾದ ದಿನದಿಂದಲೇ ಅನ್ವಯ. ಆ ಮನುಷ್ಯನ ಕೆಲಸ ನಿಂತಿದ್ದದ್ದು ಈ ಕೊನೆಯ ಮಾತಿನ ಮೇಲೆ. ಇವತ್ತಿನಿಂದ ಅನ್ವಯ ಎಂದರೆ ಮುಂದಿನವರು ಬದುಕುತ್ತಾರೆ, ಈ ಮನುಷ್ಯನ ಕೆಲಸ ಹೋಗುತ್ತದೆ.

ನಮ್ಮ ಮುಖ್ಯಸ್ಥರು ಎರಡನೆಯ ಪುಟ ಓದಿ ಕುರ್ಚಿಗೆ ಒರಗಿದರು. ಒಪ್ಪುತ್ತೇನೆ, ಆದರೆ ಬರೆದು ಕೊಡಬೇಡ ಎಂದರು. ಹೊಸ ಕಂಪನಿಯವರು ಯಾರನ್ನು ಇಟ್ಟುಕೊಳ್ಳುತ್ತಾರೆ ಎಂಬ ಪಟ್ಟಿ ತಯಾರಾಗುತ್ತಿದೆ. ನಿನಗಿನ್ನೂ ಪತ್ರ ಬಂದಿಲ್ಲ. ಇಂಥ ಹೊತ್ತಿನಲ್ಲಿ ನಮ್ಮ ವಿಭಾಗದ ನಿಯಮ ನಡೆಯುವುದಿಲ್ಲವೆಂದು ನೀನೇ ಸಹಿ ಹಾಕಿ ಕೊಡುವುದೇ? ಬಾಯಲ್ಲಿ ಹೇಳೋಣ, ನಾನೇ ಹೇಳುತ್ತೇನೆ.

ಭಯವಾಗಲಿಲ್ಲವೆಂದರೆ ಸುಳ್ಳು. ನಮ್ಮ ಮಗಳೂ ಇಲ್ಲೇ ಓದುತ್ತಿದ್ದಳು. ಆದರೆ ಬಾಯಲ್ಲಿ ಹೇಳಿದ್ದು ಅರಬ್ಬಿಗೆ ಹೋಗುವುದಿಲ್ಲ, ಸೀಲು ಬೀಳುವುದಿಲ್ಲ, ಹಿಂದಿನ ದಿನದಿಂದ ಅನ್ವಯವಾಗುವುದಂತೂ ಇಲ್ಲವೇ ಇಲ್ಲ. ಪೂರ್ತಿ ಹೋದರೆ ಎರಡೂ ಹೋಗಲಿ, ಇಲ್ಲದಿದ್ದರೆ ಬೇರೆ ತುಳು ಅನುವಾದಕರನ್ನು ಹುಡುಕಿಕೊಳ್ಳಿ ಎಂದೆ. ನನ್ನ ಬಾಯಿ ಸ್ವಲ್ಪ ಉದ್ದವೇ. ಅವರು ಪೆನ್ನು ತೆಗೆದು ನನ್ನ ಸಹಿಯ ಕೆಳಗೆ ತಮ್ಮದನ್ನೂ ಹಾಕಿದರು. ನಾಯಿ ಸಾಕುವವನಿಗೆ ಇನ್ನೇನು ಭಯ ಎಂದರು.

ಸುಡಾನಿನ ಹಿರಿಯರು ಅಂದೇ ಕೂತು ಅರಬ್ಬಿ ಪ್ರತಿ ಮುಗಿಸಿಕೊಟ್ಟರು. ಈ ಸಲ ಕನ್ನಡಕ ತೆಗೆಯಲಿಲ್ಲ.

ಸಮಿತಿ ಕೂತ ದಿನ ಹೊರಗೆ ಗಾಳಿ ಜೋರಾಗಿತ್ತು. ಕಿಟಕಿಯ ಗಾಜಿಗೆ ಮರಳು ಬಡಿಯುವುದು ಕೇಳಿಸಿದಾಗಲೆಲ್ಲ ಆ ಕಡೆ ತಿರುಗಿ ನೋಡುತ್ತಿದ್ದೆ. ಅಲ್ಲಿ ಗಾಳಿ ಯಾವ ಕಡೆಗಿದೆಯೋ ಎಂದು ಕೇಳಲು ನನಗೆ ಯಾರೂ ಇರಲಿಲ್ಲ. ಪಾಲುದಾರರ ಪ್ರತಿನಿಧಿಗಳು ನಂಬರುಗಳ ಮೇಲೇ ನಿಂತರು. ಇಷ್ಟು ಜನರ ಗ್ರೂಪಿಗೆ ಹಾಕಿದ್ದಾನೆ, ಇದು ಎಚ್ಚರಿಕೆಯೋ ಪ್ರಸಾರವೋ ಎಂದು ಒಬ್ಬರು ಕೇಳಿದರು. ಆ ಪ್ರಶ್ನೆ ತಪ್ಪಲ್ಲ. ನಾನು ಇದ್ದದ್ದನ್ನೇ ಹೇಳಿದೆ. ಇವರಿಬ್ಬರೂ ಭೇಟಿಯಾಗುವ ಜಾಗವನ್ನು ನಾವು ಮುಚ್ಚಿದೆವು, ಹೊಸ ಕಂಪನಿ ಫೋನ್ ನಂಬರು ಬದಲಿಸಿತು, ಇಬ್ಬರೂ ಒಟ್ಟಿಗೆ ಇದ್ದ ಜಾಗ ಉಳಿದದ್ದು ಊರಿನವರ ಗ್ರೂಪು ಒಂದೇ. ಅವರು ಅಲ್ಲಿಗೆ ಹೋಗಿ ಕರೆದರು.

ಸೆಕ್ಯೂರಿಟಿಯ ಮುಖ್ಯಸ್ಥರು ಅನುವಾದವನ್ನು ಮುಂದಿಟ್ಟುಕೊಂಡು ಧ್ವನಿ ಸಂದೇಶವನ್ನು ಇನ್ನೊಮ್ಮೆ ಹಾಕಿಸಿದರು. ಕೋಣೆಯಲ್ಲಿ ತುಳು ತಿಳಿದವಳು ನಾನೊಬ್ಬಳೇ. ಕೊನೆಯ ಭಾಗದಲ್ಲಿ ಅವರು ಕೈ ಎತ್ತಿ ನಿಲ್ಲಿಸಿ, ಈ ಮಾತನ್ನು ಮತ್ತೆ ಮತ್ತೆ ಹೇಳುತ್ತಿದ್ದಾನಲ್ಲ, ಏನದು ಎಂದು ಕೇಳಿದರು.

“ಆ ಕಡೆ ಹೋಗಬೇಡ ಎನ್ನುತ್ತಿದ್ದಾರೆ” ಎಂದೆ.

ಅವರು ಕಾಗದವನ್ನು ಮಡಚಿ ಬದಿಗಿಟ್ಟರು. ಸೈನ್ಯದಲ್ಲಿ ಕಾವಲು ಬದಲಾಗುವಾಗ ಬರುವವನಿಗೆ ಹೇಳದೆ ಹೋದವನನ್ನು ನಾವು ಶಿಕ್ಷಿಸುತ್ತಿದ್ದೆವು, ಹೇಳಿದವನನ್ನಲ್ಲ ಎಂದರು. ಗ್ರೂಪಿಗೆ ಹಾಕಿದ್ದಕ್ಕೆ ಒಂದು ಎಚ್ಚರಿಕೆ ಪತ್ರ ಇರಲಿ, ಅದು ನಿಜಕ್ಕೂ ತಪ್ಪು. ಉಳಿದದ್ದಕ್ಕೆ ಆ ಹೊಸ ಕಲಮು ಮೊದಲ ದಿನದಿಂದಲೇ ಇರಲಿ. ಹಿಂದಿನ ಗೇಟು ಇವತ್ತೇ ಮುಚ್ಚಲಿ, ಎಲ್ಲರೂ ಒಂದೇ ಗೇಟಿನಿಂದ ಓಡಾಡಲಿ. ಪಾಲುದಾರರು ಒಬ್ಬೊಬ್ಬರಾಗಿ ಒಪ್ಪಿಗೆಯ ಸಹಿ ಹಾಕಿದರು. ಎರಡೂ ಪ್ರತಿಗಳ ಮೇಲೆ ಸೀಲು ಬೀಳುವವರೆಗೆ ನಾನು ಆ ಕೋಣೆ ಬಿಟ್ಟು ಕದಲಲಿಲ್ಲ.

ಸೀಲು ಬಿದ್ದ ಕೂಡಲೇ ಕಾರಿಡಾರಿಗೆ ಬಂದ ಸೆಕ್ಯೂರಿಟಿ ಮುಖ್ಯಸ್ಥರು, ನೀವೇ ಅವರಿಗೆ ತಿಳಿಸಿ, ಇಂಥ ಸುದ್ದಿ ಸ್ವಂತ ಭಾಷೆಯಲ್ಲಿ ಕೇಳಬೇಕು ಎಂದರು. ಲಿಫ್ಟಿನ ಪಕ್ಕ ನಿಂತು ಫೋನು ಮಾಡಿದೆ. ಒಂದೇ ರಿಂಗಿಗೆ ಎತ್ತಿದರು. ಹೇಗೆ ಹೇಳಬೇಕೆಂದು ನಾನು ಮನಸ್ಸಿನಲ್ಲೇ ಸಜ್ಜು ಮಾಡಿಕೊಂಡಿದ್ದೆ. ಕೆಲಸ ಹೋಗಿಲ್ಲ, ವೀಸಾ ಹೋಗಿಲ್ಲ, ಒಂದು ಎಚ್ಚರಿಕೆ ಪತ್ರ ಬರುತ್ತದೆ, ಹೆದರಬೇಡಿ, ಮಗ ಪರೀಕ್ಷೆ ಬರೆಯಲಿ ಎಂದೆ. ಆ ಕಡೆ ಸದ್ದಿಲ್ಲ.

ಅಳುತ್ತಿದ್ದಾರೇನೋ ಎಂದುಕೊಂಡೆ. ಮಾತು ಬರಲಿ ಎಂದು ಕಾದೆ.

“ಮೇಡಂ, ಹಾಗಾದ್ರೆ ಈಗ ಅವನಿಗೆ ಹೇಳ್ಬಹುದಾ?” ಎಂದರು.

“ಹೇಳ್ಬಹುದು. ಪಾಸಾಯ್ತು. ಸೀಲು ಬಿತ್ತು” ಎಂದೆ. ಅವನ ಹೊಸ ನಂಬರನ್ನೂ ಎಚ್‌ಆರ್‌ನಿಂದ ತೆಗೆದಿಟ್ಟುಕೊಂಡಿದ್ದೆ, ಓದಿ ಹೇಳಿದೆ. ಅವರು ಒಂದೊಂದೇ ಅಂಕಿಯನ್ನು ನನ್ನ ಹಿಂದೆ ಹೇಳಿಕೊಂಡರು.

ಫೋನು ಕಟ್ ಆಯಿತು. ಥ್ಯಾಂಕ್ಸ್ ಇಲ್ಲ, ಒಂದು ಒಳ್ಳೆಯದಾಯಿತು ಇಲ್ಲ. ಇಷ್ಟು ದಿನ ಇವರಿಗಾಗಿ ಹೊಟ್ಟೆಗೆ ಅನ್ನ ಇಳಿಯದೆ ಇದ್ದವಳು ನಾನು ಎಂದು ಒಂದು ಗಳಿಗೆ ನನಗೆ ಬಿರುಸಾಗಿ ಸಿಟ್ಟೇ ಬಂತು. ಎಚ್ಚರಿಕೆ ಪತ್ರಕ್ಕೆ ಯಾವಾಗ ಬಂದು ಸಹಿ ಹಾಕಬೇಕು ಎಂದು ಹೇಳುವುದಿತ್ತು, ಮತ್ತೆ ಫೋನು ಮಾಡಿದೆ.

ಬ್ಯುಸಿ ಬಂತು. ಸ್ವಲ್ಪ ತಡೆದು ಇನ್ನೊಮ್ಮೆ ಮಾಡಿದೆ, ಆಗಲೂ ಬ್ಯುಸಿ. ಲಿಫ್ಟು ಬಂತು, ಬಾಗಿಲು ತೆರೆಯಿತು, ಮುಚ್ಚಿತು. ನಾನು ಅಲ್ಲೇ ಗೋಡೆಗೆ ಒರಗಿ ಆ ಬ್ಯುಸಿ ಸದ್ದನ್ನು ಕೇಳುತ್ತಾ ನಿಂತೆ.